ಹಳೇ ಕಾಲದಲ್ಲಿ ಉಪ್ಪು ಮಾಡಿದ ಜಾಗ ಅಗೆದ್ರೆ ಸಿಗೂದು ಎಂತ?

ಸೀತಾನದಿ_ತೀರ:
ಮಾರಾಯ್ರೆ ಒಂದು ಡೌಟ್. ನಮ್ಮ ಬಾರ್ಕೂರು, ಬಸ್ರೂರು ಕಡೆ ಹಳೇ ಬಂದರು ಅಂದ್ರೆ ದೇವಸ್ಥಾನ, ಶಾಸನ, ಅಕ್ಕಿ ವ್ಯಾಪಾರ ಇಷ್ಟೇ ಮಾತು, ಉಪ್ಪಿನ ಸುದ್ದಿ ಯಾರೂ ಎತ್ತೂದಿಲ್ಲ. ಇಂಗ್ಲೆಂಡಲ್ಲಿ ಮಧ್ಯಯುಗದ ಉಪ್ಪಿನ ಜಾಗಗಳನ್ನ ಅಗೆದು ನೋಡಿದ್ದಾರಂತೆ. ಉಪ್ಪು ಒಂದು ಮಳೆಗೆ ಕರಗ್ತದೆ, ಮತ್ತೆ ಸಾಕ್ಷಿ ಎಲ್ಲಿಂದ?

ಕುಡ್ಲದ_ಹೊಯಿಗೆ:
ಉಪ್ಪು ಸಿಗೂದಿಲ್ಲ, ಉಪ್ಪು ತೆಗೆದು ಬಿಸಾಡಿದ್ದು ಸಿಗ್ತದೆ. ಅಲ್ಲಿ ಬಿಸಿಲು ಸಾಲೂದಿಲ್ಲ, ಕುದಿಸ್ಲೇಬೇಕು, ಆದ್ರೆ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಅಷ್ಟೇ ಉಪ್ಪು, ಸೀದಾ ಒಲೆಗಿಟ್ರೆ ಸೌದೆ ಎಷ್ಟಿದ್ರೂ ಸಾಲ್ದು. ಹಾಗಾಗಿ ಲಿಂಕನ್‌ಶೈರ್ ಕರಾವಳಿಯಲ್ಲಿ ದೊಡ್ಡ ಉಬ್ಬರ ಇಳಿದ ಮೇಲೆ ಉಪ್ಪು ಹಿಡಿದು ಒಣಗಿದ ಮಡ್ಡಿ ಹೊಯಿಗೆ ಕೆರೆದು ತಂದು, ಜೇಡಿಮಣ್ಣು ಮೆತ್ತಿದ ಗುಂಡಿಗೆ ಹಾಕಿ, ನೀರು ಹೊಯ್ದು ಸೋಸಿ, ಆ ಗಟ್ಟಿ ಉಪ್ಪುನೀರನ್ನ ಸೀಸದ ಅಗಲ ಪಾತ್ರೆಯಲ್ಲಿ ಕುದಿಸ್ತಿದ್ರು. ಉರಿಗೆ ಪೀಟ್, ಅಂದ್ರೆ ಜವುಗಿಂದ ಕಡಿದು ಒಣಗಿಸಿದ ಹೆಂಟೆ. ತೊಳೆದ ಹೊಯಿಗೆಯನ್ನ ಪಕ್ಕದಲ್ಲೇ ಸುರಿದು ಸುರಿದು ದಿಬ್ಬ ಆಗಿದೆ, ಅದೇ ಕರಾವಳಿಯ ಮಾರ್ಷ್‌ಚಾಪೆಲ್ ಊರ ಹತ್ರ ಈಗ್ಲೂ ಕಾಣ್ತದೆ. ಅಲ್ಲೇ ವೇನ್‌ಫ್ಲೀಟ್ ಅನ್ನೋ ಊರಲ್ಲಿ ಅಗೆದಾಗ ಸೋಸುವ ಗುಂಡಿಗಳೇ ಸಿಕ್ಕಿವೆ. 1086ರ ಡೂಮ್ಸ್‌ಡೇ, ಅಂದ್ರೆ ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು ಲೆಕ್ಕದ ದಾಖಲೆಯಲ್ಲೂ ಉಪ್ಪಿನ ಕಸುಬಿನ ಲೆಕ್ಕ ಉಂಟು.

ಗಂಗೊಳ್ಳಿ_ಗಾಳಿ:
ಡೆನ್ಮಾರ್ಕಿನ ಲೇಸೋ ದ್ವೀಪವನ್ನೂ ಸೇರಿಸಿ. ಅಲ್ಲಿ ನೆಲದಡಿ ನೀರೇ ಸಮುದ್ರಕ್ಕಿಂತ ಉಪ್ಪು. ಮಧ್ಯಯುಗದಿಂದ ಗುಡಿಸಲು ಹಾಕಿ ಕುದಿಸ್ತಾ ಬಂದು ಕಾಡೆಲ್ಲ ಒಲೆಗೆ ಹೋಗಿ, ಕಡೆಗೆ 1652ರಲ್ಲಿ ನಿಂತೇ ಹೋಯ್ತು. ನೂರಾರು ಗುಡಿಸಲಿನ ಗುರುತು ಉಳಿದಿದೆ. ಊರಿನ ಕಾಡು ಹೋದದ್ದು ಓದುವಾಗ ನಂಗೆ ಹೊಟ್ಟೆ ಉರೀತದೆ.

ಅಘನಾಶಿನಿ_ದಂಡೆ:
ಆದ್ರೆ ಅದೇ ಗುರುತನ್ನ ನಮ್ಮಲ್ಲಿ ಹುಡುಕ್ಬೇಡಿ. ಗೋಕರ್ಣದ ಹತ್ರ ಸಾಣಿಕಟ್ಟಾದಲ್ಲಿ ಉಬ್ಬರದ ನೀರನ್ನ ಆಗರಕ್ಕೆ, ಅಂದ್ರೆ ಉಪ್ಪು ಮಾಡುವ ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಆರಿಸ್ತಾರೆ, ಒಲೆ ಇಲ್ಲ, ಬೂದಿ ಇಲ್ಲ, ಪಾತ್ರೆ ಚೂರಿಲ್ಲ. ಮಳೆಗಾಲಕ್ಕೆ ಎಲ್ಲ ನೀರಡಿ. ಉಳಿದ್ರೆ ಕಟ್ಟ, ನೀರು ಬಿಡುವ ತೂಬು, ತುಳಿದು ಗಟ್ಟಿ ಮಾಡಿದ ಜೇಡಿ ಪದರ ಅಷ್ಟೇ, ಅದೂ ಮೇಲಿಂದ ನೋಡಿದ್ರೆ ಅಳಿವೆ ಬದಿಯ ಉಪ್ಪುನೀರು ನುಗ್ಗುವ ಮಾಮೂಲಿ ಗಜನಿ ಗದ್ದೆ ಹಾಗೇ ಕಾಣ್ತದೆ.

ಸೀತಾನದಿ_ತೀರ:
ಹಾಗಾದ್ರೆ ನಮ್ಮ ಅಳಿವೆಯ ಹಳೇ ಕಟ್ಟಗಳನ್ನ ಸಿಗಡಿ ಕೆರೆಗೆ ಅಂತ ಜೆಸಿಬಿ ಹಾಕುವ ಮೊದ್ಲು ಒಮ್ಮೆ ಅಡ್ಡ ಕೊಯ್ದು ಮಣ್ಣಿನ ಪದರ ನೋಡ್ಬೇಕಿತ್ತಲ್ಲ. ಇಲ್ಲಿ ಆರ್ಕಿಯಾಲಜಿ ಓದಿದವ್ರು ಯಾರಾದ್ರೂ ಇದ್ರೆ ಹೇಳಿ, ಜಾಗ ನಾನು ತೋರಿಸ್ತೇನೆ.