ನೆಕ್ಕರಿಕದ ಹೂವಿನಲ್ಲಿ ದುಂಬಿ ಮಾಡುವ ಕೆಲಸಕ್ಕೆ ಯಾವ ಪದ?

ಉಡುಪಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಹೂವುಗಳ, ಅವಕ್ಕೆ ಬರುವ ಹುಳುಗಳ ಮ್ಯಾಕ್ರೋ ಫೋಟೋ ಪ್ರದರ್ಶನ ಮಾಡಬೇಕೆಂದಿದ್ದೇವೆ. ನೋಡಲು ಬರುವವರಲ್ಲಿ ಶಾಲೆಯ ಮಕ್ಕಳೇ ಜಾಸ್ತಿ. ಹಾಗಾಗಿ ಪ್ರತಿ ಚಿತ್ರದ ಕೆಳಗೂ ಒಂದು ಸಾಲು ಕನ್ನಡ ಬೇಕು. ಲೆನ್ಸ್, ಫೋಕಸ್, ಮ್ಯಾಕ್ರೋ ಎಲ್ಲ ಹಾಗೇ ಇರಲಿ, ಮಕ್ಕಳಿಗೂ ಗೊತ್ತು. ನಾವು ಸಿಕ್ಕಿಬಿದ್ದಿರುವುದು ಕ್ರಿಯಾಪದದಲ್ಲಿ.

ಹೂವಿನ ಮೇಲೆ ಯಾವ ಹುಳು ಕೂತರೂ ‘ಮಕರಂದ ಹೀರುತ್ತಿದೆ’ ಎಂದು ಬರೆಯುವುದು ರೂಢಿ. ಕೇಪುಳಕ್ಕೆ ಬಂದ ಚಿಟ್ಟೆಗೆ ಈ ಮಾತು ಸರಿ. ಆ ಹೂವಿನ ಕೊಳವೆ ಉದ್ದ, ಸಪೂರ. ರಸ ಇರುವುದು ತಳದಲ್ಲಿ. ಚಿಟ್ಟೆ ಸೊಂಡಿಲು ಇಳಿಸಿ ಹೀರಿಯೇ ಹೀರುತ್ತದೆ.

ಆದರೆ ನೆಕ್ಕರಿಕದಲ್ಲಿ ಮಕರಂದವೇ ಇಲ್ಲ. ಘಟ್ಟದ ಮೇಲಿನವರಿಗೆ ಹೇಳುವುದಾದರೆ, ಇದು ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಬೆಳೆಯುವ ಪೊದೆ. ನೇರಳೆ ಮಿಶ್ರಿತ ಗುಲಾಬಿ ಹೂವು, ಹಣ್ಣು ತಿಂದರೆ ನಾಲಗೆ ಕಪ್ಪಾಗುತ್ತದೆ. ಹೂವಿನೊಳಗೆ ಎರಡು ಬಗೆಯ ಕೇಸರಗಳಿವೆ. ಐದು ಗಿಡ್ಡ, ಹಳದಿ. ಐದು ಉದ್ದ, ನೇರಳೆ, ಕುಡುಗೋಲಿನ ಹಾಗೆ ಬಾಗಿದವು. ಪರಾಗ ಸುಮ್ನೆ ಮೇಲೆ ಮೆತ್ತಿಕೊಂಡಿರುವುದಿಲ್ಲ, ಕೇಸರದ ಚೀಲದೊಳಗೆ ಇರುತ್ತದೆ. ಹೊರಗೆ ಬರಲು ತುದಿಯಲ್ಲಿ ಒಂದು ಸಣ್ಣ ತೂತು, ಅಷ್ಟೆ.

ಕರಿ ದುಂಬಿ ಬಂದು ಹಳದಿ ಕೇಸರಗಳನ್ನು ತಬ್ಬಿ ಹಿಡಿಯುತ್ತದೆ. ರೆಕ್ಕೆ ಬಡಿಯದೆ, ಹಾರಲು ಬಳಸುವ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಹಾರುವಾಗಿನ ಸದ್ದಿಗಿಂತ ಚೂಪಾದ ಒಂದು ‘ಝೀಂ’ ಕೇಳುತ್ತದೆ, ತೂತಿನಿಂದ ಪರಾಗ ಚಿಮ್ಮುತ್ತದೆ. ಅದು ಹಳದಿಯಲ್ಲಿ ಮಗ್ನವಾಗಿರುವಾಗ ಉದ್ದದ ನೇರಳೆ ಕೇಸರಗಳು ಅದರ ಮೈಗೆ ಪರಾಗ ಬಳಿದು ಕಳಿಸುತ್ತವೆ. ಮುಂದಿನ ಹೂವಿಗೆ ತಲುಪುವುದು ಅದೇ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಇಲ್ಲ. ಹೆಜ್ಜೇನಿಗೂ ಇಲ್ಲ.

ನಮ್ಮ ಒಂದು ಫೋಟೋದಲ್ಲಿ ಈ ಗಳಿಗೆಯೇ ಸಿಕ್ಕಿದೆ. ಹೂವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸುವಾಗ ಲೆನ್ಸಿನ ಕಿಂಡಿಯನ್ನು ಎಫ್ 11ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಆ ಒಂದು ಮಿಲಿಮೀಟರಿನಲ್ಲಿ ಹಳದಿ ಕೇಸರದ ತುದಿ ಮತ್ತು ದುಂಬಿಯ ಮುಂಗಾಲಿನ ರೋಮಕ್ಕೆ ಅಂಟಿದ ಪರಾಗದ ಕಣಗಳಿವೆ. ಅದರ ಕೆಳಗೆ ‘ಮಕರಂದ ಹೀರುತ್ತಿರುವ ದುಂಬಿ’ ಎಂದು ಬರೆದರೆ ಚಿತ್ರಕ್ಕೂ ಮಾತಿಗೂ ಸಂಬಂಧ ಇರುವುದಿಲ್ಲ, ಅಲ್ವಾ?

ಏನು ಬರೆಯಬೇಕು ಹಾಗಾದರೆ? ‘ಪರಾಗ ಕೊಡವುತ್ತಿದೆ’ ಎಂದು ಒಬ್ಬರು ಹೇಳಿದರು. ಆದರೆ ಕೊಡವುವುದು ಎಂದರೆ ಮೈಗೆ ಅಂಟಿದ್ದು ಬೇಡವೆಂದು ಝಾಡಿಸುವ ಹಾಗೆ ಕೇಳುತ್ತದೆ. ಇಲ್ಲಿ ಬೇಕೆಂದೇ ತೆಗೆಯುತ್ತಿದೆ. ‘ಒದರು’ ಎಂದರೆ ಕೆಲವು ಕಡೆ ಕೂಗು ಎಂಬ ಅರ್ಥವೂ ಇದೆ. ನನಗೆ ಹಿಡಿಸಿದ್ದು ‘ಅದುರಿಸಿ ಉದುರಿಸು’. ಎರಡು ಪದವಾದರೂ ನಡೆದದ್ದು ನಡೆದ ಹಾಗೇ ಕಾಣುತ್ತದೆ.

ಇನ್ನು ಪರಾಗ. ಪಠ್ಯಪುಸ್ತಕದ ಪದ, ತಪ್ಪೇನಿಲ್ಲ. ಆದರೆ ಅರಸಿನ ಹುಡಿ, ಮೆಣಸಿನ ಹುಡಿ, ಚಾಹುಡಿ ಎನ್ನುವ ನಮ್ಮೂರಿನ ಮಕ್ಕಳಿಗೆ ‘ಹೂಹುಡಿ’ ಎಂದರೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಹಳಗನ್ನಡದ ‘ಬಂಡು’ ಚಂದದ ಪದ, ಅದನ್ನು ಉಣ್ಣುವ ದುಂಬಿಗೆ ‘ಬಂಡುಣಿ’ ಎಂಬ ಹೆಸರು ಇನ್ನೂ ಚಂದ. ಆದರೆ ಬಂಡು ಎಂದರೆ ಹೂವಿನ ರಸ. ಇಲ್ಲಿ ರಸವೇ ಇಲ್ಲದ್ದರಿಂದ ಅದು ಒಗ್ಗುವುದಿಲ್ಲ.

ದುಂಬಿ ಎಂಬ ಪದವೂ ಪೂರ್ತಿ ಭದ್ರವಲ್ಲ. ತೆಂಗಿನ ಸುಳಿ ಕೊರೆಯುವ ಕುರುವಾಯಿಗೂ ಕೃಷಿಯವರು ದುಂಬಿ ಎನ್ನುತ್ತಾರೆ. ನಮ್ಮ ಚಿತ್ರದಲ್ಲಿರುವುದು ಒಣ ಮರ, ಬಿದಿರು ಕೊರೆದು ಗೂಡು ಮಾಡುವ ಕರಿ ದುಂಬಿ, ಜೇನಿನ ಬಳಗದ್ದು.

ಬಲ್ಲವರಲ್ಲಿ ಕೇಳುವುದು ಇಷ್ಟು. ಜೇನು ಸಾಕುವವರು ನಿಮ್ಮಲ್ಲಿದ್ದರೆ, ತುಡುವೆ ಕಾಲಿಗೆ ಅಂಟಿಸಿಕೊಂಡು ತರುವ ಹಳದಿ ಉಂಡೆಗೆ ಮನೆಮಾತಿನಲ್ಲಿ ಏನೆನ್ನುತ್ತಾರೆ? ಒಣ ಮರ ಕೊರೆಯುವ ಈ ಕರಿ ದುಂಬಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ? ‘ಪುಡಿ’ ಎನ್ನುವ ಮೈಸೂರು, ಧಾರವಾಡದ ಕಡೆಯವರಿಗೆ ‘ಹೂಹುಡಿ’ ಓದಿದರೆ ಅರ್ಥ ಆಗುತ್ತದೆಯೇ, ‘ಹೂಪುಡಿ’ಯೇ ವಾಸಿಯೇ?