ಅಪ್‌ಡೇಟ್: ವೇಪ್ ಟ್ಯಾಂಕ್‌ನ ಸುಟ್ಟ ರುಚಿ ಹೋಯ್ತು

ಹೋದ ತಿಂಗಳು ಮ್ಯಾಂಚೆಸ್ಟರ್‌ನಿಂದ ಕೇಳಿದ್ದೆ: ಸಿಗರೇಟ್ ಬಿಡೋಕೆ ಅಂತ ತಗೊಂಡ ವೇಪ್‌ನ (ಇ-ಸಿಗರೇಟ್‌ನ) ರೀಫಿಲ್ ಟ್ಯಾಂಕ್, ಹೊಸ ಕಾಯಿಲ್ (ಲಿಕ್ವಿಡ್ ಕಾಯಿಸೋ, ಹತ್ತಿ ಇರೋ ತಂತಿ ಸುರುಳಿ) ಹಾಕಿದ ಎರಡೇ ದಿನಕ್ಕೆ ಸುಟ್ಟ ರುಚಿ ಕೊಡೋದ್ಯಾಕೆ ಅಂತ. ನೀವು ಹೇಳಿದ್ದೇ ನಿಜ, ತಪ್ಪು ಲಿಕ್ವಿಡ್‌ದು. ನಾನು ಹಾಕ್ತಿದ್ದದ್ರಲ್ಲಿ ನೂರಕ್ಕೆ 70 ಭಾಗ ಗ್ಲಿಸರಿನ್. ಅಷ್ಟು ಮಂದ ಇದ್ರೆ ಸಣ್ಣ ಕಾಯಿಲ್‌ನ ಹತ್ತಿ ಬೇಗ ಹೀರ್ಕೊಳ್ಳಲ್ಲ, ಒಣಗಿ ಸುಡುತ್ತೆ. ಈಗ ಗ್ಲಿಸರಿನ್ ಮತ್ತು ತೆಳುವಾದ ಪ್ರೊಪೈಲಿನ್ ಗ್ಲೈಕಾಲ್ 50:50 ಇರೋದು ಹಾಕ್ತೀನಿ. ಹೊಸ ಕಾಯಿಲ್‌ಗೆ ಮೊದಲು ನಾಲ್ಕು ಹನಿ ಬಿಟ್ಟು, ಟ್ಯಾಂಕ್ ತುಂಬಿ ಹತ್ತು ನಿಮಿಷ ಹಾಗೇ ಇಡ್ತೀನಿ. ಮೂರು ವಾರ ಆಯ್ತು, ಅದೇ ಕಾಯಿಲ್!

ಇಲ್ಲಿ 2 ಮಿ.ಲೀ.ಗಿಂತ ದೊಡ್ಡ ಟ್ಯಾಂಕ್ ಮಾರೋಹಾಗಿಲ್ಲ, ದಿನಕ್ಕೆರಡು ಸಲ ತುಂಬಬೇಕು. ಊರಿಗೆ ಬರುವಾಗ ಇಲ್ಲೇ ಬಿಟ್ಟು ಬರ್ತೀನಿ, ಭಾರತದಲ್ಲಿ 2019ರಿಂದ ನಿಷೇಧ ಇದೆಯಲ್ಲ. ಸಿಗರೇಟ್ ಮುಟ್ಟಿ 24 ದಿನ ಆಯ್ತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.