ಮೋನೋರೈಲು ನಿಂತರೆ ಹತ್ತಿದವರನ್ನು ಬೈಯೋದು ಸರಿಯಾ?

ಚೆಂಬೂರಿನವಳು

ಎಲ್ಲರಿಗೂ ನಮಸ್ಕಾರ. 2025ರ ಆಗಸ್ಟ್ 19ರ ಸಂಜೆ ಮೈಸೂರು ಕಾಲೊನಿ ಸ್ಟೇಷನ್ ಹತ್ತಿರ ಮೋನೋರೈಲು ನಡುವೆ ನಿಂತುಹೋದದ್ದು ಮುಂಬಯಿಯಲ್ಲಿರುವವರಿಗೆಲ್ಲ ನೆನಪಿರಬೇಕು. ಒಳಗೆ ಸಿಕ್ಕಿಬಿದ್ದ 582 ಜನರನ್ನು ಅಗ್ನಿಶಾಮಕ ದಳದವರು ಏಣಿ ಹಾಕಿ ಇಳಿಸಿದರು. ಕರೆಂಟ್ ಹೋಗಿತ್ತು, ಏಸಿ ಇರಲಿಲ್ಲ, ಕಿಟಕಿ ತೆರೆಯುವ ಹಾಗಿರಲಿಲ್ಲ. ಉಸಿರುಕಟ್ಟಿ ಕೆಲವರು ಸುಸ್ತಾಗಿ ಬಿದ್ದರು.

ಈಗಲೂ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಬಂದರೆ ಅರ್ಧ ಜನ ಹೇಳುವುದು ಇಷ್ಟೇ: "ಅಷ್ಟೊಂದು ಜನ ಯಾಕೆ ನುಗ್ಗಬೇಕಿತ್ತು? ಮುಂದಿನ ಗಾಡಿಗೆ ಕಾಯಬಹುದಿತ್ತಲ್ಲ." ಇದನ್ನು ಓದಿದರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಆ ದಿನ ಎಂಥ ಮಳೆ ಅಂತ ಇವರಿಗೆ ಗೊತ್ತಿಲ್ವಾ? ಹಳಿ ಮೇಲೆ ನೀರು ನಿಂತು ಲೋಕಲ್ ರೈಲಿನ ಹಾರ್ಬರ್ ಲೈನ್ ಬಂದ್ ಆಗಿತ್ತು. ಲೋಕಲ್ ಇಲ್ಲ, ರಸ್ತೆ ತುಂಬ ನೀರು, ರಿಕ್ಷಾದವರು ಬರಲ್ಲ ಅನ್ನುತ್ತಿದ್ದರು. ಮಗುವನ್ನು ಪಾಳಣಾಘರದಿಂದ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ) ಕರೆದುಕೊಂಡು ಬರಬೇಕಾದ ಹೆಂಗಸು ಏನು ಮಾಡಬೇಕು? ತಲೆಯ ಮೇಲೆ ಒಂದು ಗಾಡಿ ಓಡುತ್ತಿದೆ, ಬಾಗಿಲು ತೆರೆದಿದೆ, ಟಿಕೆಟ್ ಕೊಟ್ಟಿದ್ದಾರೆ. ಹತ್ತುತ್ತಾಳೆ. ನಾನಾದರೂ ಹತ್ತುತ್ತಿದ್ದೆ.

ತಿಳಿದವರು ಎರಡು ವಿಷಯ ಹೇಳಿ. ಜನ ಜಾಸ್ತಿಯಾದರೆ ರೈಲು ನಿಲ್ಲುವುದು ಹೇಗೆ? ಒಳಗೆ ಸಿಕ್ಕಿಕೊಂಡವರು ಏನು ಮಾಡಬೇಕು?

ಹಳೇ ರೈಲ್ವೆಯವ

ಅಕ್ಕ, ನಾನು ಸರ್ವಿಸಿನಲ್ಲಿ ಇದ್ದದ್ದು ಲೋಕಲ್ ಕಡೆ, ಮೋನೋ ಕಡೆ ಅಲ್ಲ. ಆದರೂ ಗಾಡಿ ನಡೆಯುವ ಕ್ರಮ ಗೊತ್ತು, ಹೇಳ್ತೇನೆ.

ಮೋನೋರೈಲಿಗೆ ಎರಡು ಹಳಿ ಇಲ್ಲ. ಒಂದೇ ಕಾಂಕ್ರೀಟ್ ತೊಲೆ. ಕುದುರೆ ಮೇಲೆ ಸವಾರ ಕೂತ ಹಾಗೆ ಗಾಡಿ ಅದರ ಮೇಲೆ ಕಾಲು ಚಾಚಿ ಕೂತಿರುತ್ತದೆ. ಚಕ್ರ ರಬ್ಬರಿನದು. ಕರೆಂಟ್ ಬರುವುದು ತೊಲೆಯ ಪಕ್ಕದಲ್ಲೇ ಇರುವ ಪಟ್ಟಿಯಿಂದ. ಗಾಡಿಯ ಅಡಿಯಿಂದ ಕರೆಂಟ್ ಎತ್ತಿಕೊಳ್ಳುವ ಒಂದು ಕಲೆಕ್ಟರ್ ಆ ಪಟ್ಟಿಗೆ ಒತ್ತಿಕೊಂಡು ಜಾರುತ್ತಾ ಹೋಗಬೇಕು. ಅಧಿಕಾರಿಗಳು ಕೊಟ್ಟ ಕಾರಣ ಇದು: ಗಾಡಿ 104 ಟನ್‌ವರೆಗೆ ತಾಳುವಂಥದ್ದು, ಆ ಹೊತ್ತಿಗೆ 109 ಟನ್ ಆಗಿತ್ತು, ಭಾರಕ್ಕೆ ಕಲೆಕ್ಟರಿಗೂ ಪಟ್ಟಿಗೂ ಸಂಪರ್ಕ ತಪ್ಪಿತು. ಕರೆಂಟ್ ಹೋದ ಮೇಲೆ ಏಸಿಯೂ ಹೋಯಿತು. ಇನ್ನೊಂದು ಮೋನೋ ತಂದು ಎಳೆಯಲು ನೋಡಿದರು, ಆಗಲಿಲ್ಲ.

ನಿಜವಾದ ತೊಂದರೆ ಇರುವುದು ಇದರ ನಂತರ. ಲೋಕಲ್ ನಿಂತರೆ ನಾವು ಧುಮುಕಿ ಹಳಿ ಹಿಡಿದು ನಡೆಯುತ್ತೇವೆ. ತಪ್ಪೋ ಸರಿಯೋ, ಮುಂಬಯಿಯವರಿಗೆ ಅದು ಅಭ್ಯಾಸ. ಮೆಟ್ರೋದಲ್ಲಾದರೂ ಸಿಬ್ಬಂದಿ ಕರೆಂಟ್ ತೆಗೆದು ಹಳಿ ಪಕ್ಕದಲ್ಲಿ ನಡೆಸಿಕೊಂಡು ಹೋಗಬಹುದು. ಇಲ್ಲಿ ಕಾಲಿಡಲು ಜಾಗವೇ ಇಲ್ಲ. ತೊಲೆಯ ಎರಡೂ ಕಡೆ ಬರೀ ಗಾಳಿ. ಕೆಳಗಿಂದ ಏಣಿ ಬರುವವರೆಗೆ ಒಳಗೇ ಇರಬೇಕು.

ವಡಾಲಾ ವಾಸಿ

ಸಿಟ್ಟು ಮಾಡ್ಕೋಬೇಡಿ, ಆದರೆ ಜನರದ್ದೂ ಸ್ವಲ್ಪ ತಪ್ಪಿದೆ ಅಂತಲೇ ನನಗೆ ಅನ್ನಿಸುತ್ತದೆ. ಬಾಗಿಲು ಮುಚ್ಚೋಕೆ ಬಿಡದೆ ನೂಕೋದು ನಮ್ಮ ಊರಿನ ರೋಗ. ಲಿಫ್ಟಿನಲ್ಲಿ ಎಷ್ಟು ಜನ ಅಂತ ಬರೆದಿದ್ದರೂ ನಾವು ಓದಲ್ಲ. ಎಲ್ಲದಕ್ಕೂ ಸರ್ಕಾರವನ್ನೇ ಬೈದರೆ ಹೇಗೆ?

ಸಿಂಗಾಪುರದಿಂದ

ನಾನಿರುವ ಊರಿನ ಒಂದು ಉದಾಹರಣೆ ಕೊಡ್ತೀನಿ. ಎಲ್ಲ ಸರಿಯಾಗಿ ನಡೆಯುತ್ತೆ ಅಂತ ಎಲ್ಲರೂ ಹೊಗಳೋ ಊರು ಇದು.

2011ರ ಡಿಸೆಂಬರ್ 15ರ ಸಂಜೆ, ಜನ ಆಫೀಸಿನಿಂದ ಮನೆಗೆ ಹೊರಟ ಹೊತ್ತಲ್ಲೇ ಇಲ್ಲಿನ ಮೆಟ್ರೋದ ನಾರ್ತ್ ಸೌತ್ ಲೈನ್ ಕೈಕೊಟ್ಟಿತು. ಕರೆಂಟ್ ಕೊಡುವ ಮೂರನೇ ಹಳಿಯನ್ನು ಹಿಡಿದಿದ್ದ ಕೊಂಡಿಗಳು ಕಳಚಿ ಹಳಿ ಕೆಳಗೆ ಬಾಗಿತ್ತು. ಸುರಂಗದಲ್ಲಿ ನಿಂತ ಒಂದು ರೈಲಿನಲ್ಲಿ ಗಾಳಿ ಸಾಲದೆ ಪ್ರಯಾಣಿಕರೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ತಗೊಂಡು ಕಿಟಕಿ ಗಾಜು ಒಡೆದರು. ಎರಡು ದಿನ ಬಿಟ್ಟು 17ಕ್ಕೆ ಮತ್ತೆ ಕೆಟ್ಟಿತು. ಅದರ ನಡುವೆ ರೈಲು ನಡೆಸುವ ಸಂಸ್ಥೆಯಿಂದಲೇ ಅದರ ಟ್ಯಾಕ್ಸಿ ಡ್ರೈವರ್‌ಗಳಿಗೆ ಇದು ದುಡಿಯೋ ಅವಕಾಶ ಅನ್ನೋ ಅರ್ಥದ ಸಂದೇಶ ಹೋಗಿತ್ತು. ರೈಲು ಕೆಟ್ಟಿದ್ದಕ್ಕಿಂತ ಇದಕ್ಕೇ ಜನ ಜಾಸ್ತಿ ಕುದಿದರು.

ಗಾಜು ಒಡೆದವರ ಮೇಲೆ ತಪ್ಪು ಹೊರಿಸಿ ಮಾತು ಅಲ್ಲಿಗೇ ಮುಗಿಸಲಿಲ್ಲ. ವಿಚಾರಣಾ ಸಮಿತಿ ಕೂತಿತು, 2012ರಲ್ಲಿ ಸಾಕ್ಷಿಗಳನ್ನು ಬಹಿರಂಗವಾಗಿ ಕೇಳಿದರು. ರೈಲು ನಡೆಸುವ ಸಂಸ್ಥೆಗೆ 20 ಲಕ್ಷ ಸಿಂಗಾಪುರ ಡಾಲರ್ ದಂಡ ಬಿತ್ತು. ಹಾಗಂತ ಆಮೇಲೆ ಏನೂ ಕೆಡಲಿಲ್ಲ ಅಂತಲ್ಲ. 2015ರಲ್ಲಿ ಕೆಟ್ಟಿತು, 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಲೈನ್ ದಿನಗಟ್ಟಲೆ ಕೆಟ್ಟಿತ್ತು. ಆದರೆ ಪ್ರತಿ ಸಲ ಪ್ರಶ್ನೆ ಹೋಗೋದು ನಡೆಸುವವರ ಕಡೆಗೆ.

ಚೆಂಬೂರಿನವಳು

ಇಬ್ಬರಿಗೂ ಥ್ಯಾಂಕ್ಸ್. ವಡಾಲಾ ವಾಸಿ ಅವರೇ, ನಿಮ್ಮ ಮಾತಿಗೆ ಒಂದು ಲೆಕ್ಕ ಹೇಳ್ತೇನೆ.

109ರಲ್ಲಿ 104 ಕಳೆದರೆ 5 ಟನ್. ಒಬ್ಬರಿಗೆ ಸುಮಾರು 65 ಕಿಲೋ ಅಂತ ಹಿಡಿದರೂ 75ರಿಂದ 80 ಜನ. ಅಂದರೆ ಒಳಗಿದ್ದವರಲ್ಲಿ ಐನೂರು ಜನ ಸರಿಯಾದ ಲೆಕ್ಕದಲ್ಲೇ ಇದ್ದರು. ಮಿಕ್ಕ 75 ಜನ ಯಾರು? ಎರಡನೇ ಬೋಗಿಯ ಬಾಗಿಲಲ್ಲಿ ನಿಂತವಳಿಗೆ ನಾಲ್ಕನೇ ಬೋಗಿಯ ತೂಕ ಹೇಗೆ ತಿಳಿಯಬೇಕು? ಲಿಫ್ಟ್ ಅಂದಿರಲ್ಲ, ಲಿಫ್ಟಿನಲ್ಲಿ ಭಾರ ಜಾಸ್ತಿಯಾದರೆ ಗಂಟೆ ಹೊಡೆಯುತ್ತದೆ, ಬಾಗಿಲು ಮುಚ್ಚಲ್ಲ. ಅದನ್ನು ಮಾಡಿಟ್ಟವರು ಜನರ ಬುದ್ಧಿಯನ್ನು ನಂಬಿ ಬಿಡಲಿಲ್ಲ. ಘಟನೆಯ ನಂತರ ಮೋನೋದಲ್ಲೂ ಭಾರ ಮೀರದಂತೆ ನೋಡಿಕೊಳ್ಳಲು ಸ್ಟೇಷನ್‌ಗಳಲ್ಲಿ ಸಿಬ್ಬಂದಿ ನಿಲ್ಲಿಸುತ್ತೇವೆ ಅಂದರು. ಅಂದಮೇಲೆ ತಡೆಯುವ ಕೆಲಸ ಯಾರದು ಅಂತ ಅವರಿಗೇ ಗೊತ್ತಿತ್ತು.

ಇನ್ನೊಂದು. ಇದೇ ಮೈಸೂರು ಕಾಲೊನಿ ಸ್ಟೇಷನ್ನಿನಲ್ಲಿ 2017ರ ನವೆಂಬರಿನಲ್ಲಿ ಮೋನೋರೈಲಿನ ಬೋಗಿಗಳು ಸುಟ್ಟುಹೋಗಿದ್ದವು. ಬೆಳಗಿನ ಜಾವ, ಜನ ಇರಲಿಲ್ಲ, ಬಚಾವ್. ಜನರನ್ನು ಇಳಿಸುವುದು ಹೇಗೆ ಅಂತ ಆಗಲೇ ಯೋಚಿಸಬೇಕಿತ್ತು ಅಲ್ವಾ? ನನ್ನ ಸಿಟ್ಟೆಲ್ಲ ಇದಕ್ಕೇ.

ಹಳೇ ರೈಲ್ವೆಯವ

ಲೆಕ್ಕ ಸರಿ ಇದೆ ಅಕ್ಕ. ನಿಮ್ಮ ಎರಡನೇ ಪ್ರಶ್ನೆ ಬಾಕಿ ಉಳಿಯಿತು.

ಬಾಗಿಲನ್ನು ನೀವಾಗಿ ತೆರೆದು ಇಳಿಯಲು ಹೋಗಲೇಬೇಡಿ. ಎತ್ತರ ಒಂದು, ಪಕ್ಕದಲ್ಲೇ ಕರೆಂಟ್ ಪಟ್ಟಿ ಇನ್ನೊಂದು. ಕರೆಂಟ್ ಯಾವಾಗ ವಾಪಸ್ ಬರುತ್ತದೆ ಅಂತ ನಿಮಗೆ ಗೊತ್ತಾಗಲ್ಲ. ಮೊದಲು ತುರ್ತು ಬಟನ್ ಒತ್ತಿ ಡ್ರೈವರ್ ಹತ್ತಿರ ಮಾತಾಡಿ. ಆಮೇಲೆ ಹೊರಗೆ ಫೋನ್ ಮಾಡಿ. ಆ ದಿನ ಒಳಗಿದ್ದವರು ಪಾಲಿಕೆಯ 1916ಕ್ಕೆ ಮಾಡಿದ್ದರು. 112, 101 ಕೂಡ ಇವೆ. ಎಷ್ಟು ಜನ ಇದ್ದೀರಿ, ಹತ್ತಿರದ ಸ್ಟೇಷನ್ ಯಾವುದು, ಯಾರಿಗಾದರೂ ಉಸಿರಾಟದ ತೊಂದರೆ ಇದೆಯಾ, ಇಷ್ಟು ಮೊದಲು ಹೇಳಿ. ಬ್ಯಾಟರಿ ಉಳಿಸಲು ಒಂದೆರಡು ಜನ ಮಾತ್ರ ಫೋನ್ ಬಳಸಿ. ವಯಸ್ಸಾದವರು, ಬಸುರಿಯರು, ಮಕ್ಕಳಿಗೆ ಕೂರಲು ಜಾಗ ಬಿಡಿ, ನೀರು ಅವರಿಗೆ ಮೊದಲು. ಉಸಿರಾಡುವುದೇ ಕಷ್ಟ ಅನ್ನುವ ಸ್ಥಿತಿ ಬಂದರೆ ಡ್ರೈವರಿಗೆ ತಿಳಿಸಿ, ಕೆಳಗೆ ಜನ ಇಲ್ಲದ ಕಡೆಯ ಗಾಜು ಒಡೆಯಿರಿ. ಜೀವಕ್ಕಿಂತ ಗಾಜು ದೊಡ್ಡದಲ್ಲ.

ವಡಾಲಾ ವಾಸಿ

75 ಜನರ ಲೆಕ್ಕ ನಾನು ಯೋಚಿಸಿರಲಿಲ್ಲ. ನೂಕುವುದು ತಪ್ಪು ಅನ್ನುವ ಮಾತು ಮಾತ್ರ ಬಿಡಲ್ಲ. ಹಳೇ ರೈಲ್ವೆಯವರು ಬರೆದದ್ದನ್ನು ಮರಾಠಿ, ಹಿಂದಿಯಲ್ಲಿ ಬರೆದು ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿಗೆ ಹಾಕ್ತೀನಿ, ಅಭ್ಯಂತರ ಇಲ್ಲ ತಾನೇ ಸರ್?

ಹಳೇ ರೈಲ್ವೆಯವ

ಧಾರಾಳವಾಗಿ ಹಾಕಿ. ಫೋನ್ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.